ಗೆಂಗ್ ವೈದ್ಯರ ಒಂದೇ ಪ್ರಶ್ನೆ

ಲೆಶಾನ್ ಊರಿನ ಹೊಳೆಬೀದಿಯಲ್ಲಿ ಸೂಜಿ ಚುಚ್ಚಿ ನೋವು ಕಳೆಯುವ ಗೆಂಗ್ ವೈದ್ಯರು ಲೋಕವನ್ನು ಕೇಳುವುದು ಒಂದೇ ಪ್ರಶ್ನೆ: "ಬಂತಾ?" ಸೂಜಿ ಇಳಿದ ಕಡೆ ಜುಮ್ಮೆನ್ನುವ ಜೋಮು ಬಂತಾ ಅಂತ. ಅದು ಬರುವ ತನಕ ಎರಡು ಬೆರಳಲ್ಲಿ ಸೂಜಿಯನ್ನು ತಿರುವುತ್ತಲೇ ಇರುತ್ತಾರೆ. ರೋಗಿಯ ಮಾತನ್ನು ಅಷ್ಟು ಸುಲಭಕ್ಕೆ ನಂಬುವವರಲ್ಲ. ಸೊಂಟ ಹಿಡಿದುಕೊಂಡ ಬಸ್ ಡ್ರೈವರ್ ಕುವಾಂಗ್ ಹೆದರಿ "ಬಂತು, ಬಂತು" ಅಂದರೆ, "ಸುಳ್ಳು ಹೇಳ್ಬೇಡ್ವೋ, ನಿನ್ನ ಹುಬ್ಬು ಇನ್ನೂ ಅಲ್ಲಾಡೇ ಇಲ್ಲ" ಎಂದು ಗದರುತ್ತಾರೆ. ಮಂಡಿನೋವಿನ ಅಜ್ಜಿಯರು ಸೂಜಿ ನೆಟ್ಟುಕೊಂಡು ಮುಳ್ಳುಹಂದಿಗಳ ಹಾಗೆ ಸಾಲಾಗಿ ಕೂತು ಸೊಸೆಯರನ್ನು ಆಡಿಕೊಳ್ಳುತ್ತಿದ್ದರೆ, "ಮಂಡಿಗೆ ಹಾಕಿದ್ದು ತಪ್ಪಾಯ್ತು, ನಾಲಗೆಗೆ ಹಾಕ್ಬೇಕಿತ್ತು" ಅನ್ನುತ್ತಾರೆ. ಮದುವೆ ಊಟದಲ್ಲಿ ಬಾಯಿ ಜೋಮು ಹಿಡಿಸುವ ನಮ್ಮೂರ ಮೆಣಸಿನ ಮೀನು ತಿಂದವರನ್ನೂ ಅವರು ಬಗ್ಗಿ ಕೇಳುವುದು "ಬಂತಾ?" ಎಂದೇ. ಇಂಥ ಮನುಷ್ಯ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹೆಂಡತಿ ಗುಯಿಲಾನಳ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ. ಲಕ್ವ ಹೊಡೆದ ಆ ಕಾಲಿಗೆ ಆರು ವರ್ಷದಿಂದ ಮುಟ್ಟಿದರೂ ಗೊತ್ತಾಗುವುದಿಲ್ಲ. ಆಕೆ ಕಿಟಕಿಯಾಚೆ ಹೊಳೆ ನೋಡುತ್ತಾ ಗಂಜಿ ಕುಡಿಯುತ್ತಿರುತ್ತಾಳೆ. ಸೂಜಿ ಡಬ್ಬಿಯ ಮುಚ್ಚಳದ ಸದ್ದಾಗಿ ಒಂದು ಗುಟುಕಿನಷ್ಟು ಹೊತ್ತಾದರೆ ಸಾಕು, ಕೇಳುವ ಮೊದಲೇ ಹೇಳಿಬಿಡುತ್ತಾಳೆ: "ಬಂತು ಮುದುಕಾ, ಬಂತು." ಸೂಜಿ ಇನ್ನೂ ಗೆಂಗ್ ವೈದ್ಯರ ಬೆರಳಲ್ಲೇ ಇರುತ್ತದೆ. "ನೋಡಿದ್ಯಾ, ಇವತ್ತು ಬೇಗ ಬಂತು" ಎನ್ನುತ್ತಾ ಅದನ್ನು ಮೆಲ್ಲಗೆ ಇಳಿಸುತ್ತಾರೆ.