ನಾನು ಕಾವಲಿದ್ದ ಕಂಪ್ಯೂಟರ್

ಇಂದು ಸದಾಶಿವಗಡದ ಅಂಗಡಿಯೊಂದರಲ್ಲಿ ಕಸೂತಿ ಬಟ್ಟೆ ಹೊದಿಸಿದ ಹಳೆಯ ಕಂಪ್ಯೂಟರ್ ಕಂಡೆ. ನಮ್ಮ ಮನೆಯದಕ್ಕೂ ಅಮ್ಮ ಅಂಥದೇ ಹೊದಿಕೆ ಹೊಲಿದಿದ್ದಳು. ಅದನ್ನು ವೈರಸ್‌ಗಳಿಂದ ಕಾಯುವ ಹೊಣೆ, ಆಗ ತರಗತಿಗೇ ಮೊದಲಿಗಳಾಗಿದ್ದ ನನ್ನದು. ಅಂಕೋಲೆಯ ಅತ್ತೆ ತಂದ ಮದುವೆ ಫೋಟೊಗಳ ಪೆನ್‌ಡ್ರೈವನ್ನೂ ಸ್ಕ್ಯಾನ್ ಮಾಡದೆ ತೆರೆಯಗೊಡುತ್ತಿರಲಿಲ್ಲ.

"ಬಂತು ನೋಡಿ, ಗೋವಾ ಗಡಿ ಚೆಕ್‌ಪೋಸ್ಟು," ಎಂದು ಅಪ್ಪ ನಗುತ್ತಿದ್ದರು.

ಒಂದು ಸಂಜೆ ಸ್ಕ್ಯಾನಿನಲ್ಲಿ ಗೂಢಚಾರ ತಂತ್ರಾಂಶವೊಂದು ಸಿಕ್ಕಿತು. ನಾನು ಗೆಳತಿಗೆ ಬರೆದ ಪ್ರತಿಯೊಂದು ಸಾಲೂ ಅದರ ಮೂಲಕ ಅಪ್ಪನ ಇಮೇಲಿಗೆ ಹೋಗುತ್ತಿತ್ತು.

"ನಿನ್ ಮೇಲೆ ಸಂಶಯ ಅಲ್ಲ ತಂಗೀ, ಕಾಲ ಸಮ ಇಲ್ಲ," ಎಂದರು, ನನ್ನನ್ನು ತಂಗಿ ಎಂದೇ ಕರೆಯುವ ಅಪ್ಪ.

"ಸಂಶಯ ಇಲ್ದಿದ್ರೆ ಓದಿದ್ದೆಂತಕ್ಕೆ?"



ಈಗ ಅಪ್ಪನ ಮೊಬೈಲಿಗೆ ವೈರಸ್ ಬಂದರೂ ತೆಗೆಯುವವಳು ನಾನೇ. ತೆಗೆದು, ಒಂದು ಸಂದೇಶವನ್ನೂ ತೆರೆಯದೆ, ಅವರ ಕಣ್ಣೆದುರೇ ಹಿಂತಿರುಗಿಸುತ್ತೇನೆ.