ಇಂದುಶೇಖರರ ಶುದ್ಧ ಕನ್ನಡ

ವುಡ್‌ಲ್ಯಾಂಡ್ ಹಿಲ್ಸ್‌ನ ಡಾಕ್ಟರ್ ಇಂದುಶೇಖರ ಮೂಲತಃ ಮೈಸೂರಿನವರು, ರಿಟೈರಾದ ಮನೋವೈದ್ಯರು. ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವರ ಇಂಗ್ಲಿಷ್ ಕೇಳಿ ಆಸ್ಪತ್ರೆಯವರು ನಗುತ್ತಿದ್ದರು. ಇವರು ಕಾರಿನಲ್ಲಿ ಒಬ್ಬರೇ ಕೂತು ನಾಲಿಗೆ ತಿದ್ದಿಕೊಳ್ಳುತ್ತಿದ್ದರು. ಆಗ ಓದಲು ಸಿಕ್ಕವನೇ ಕೆರಿಬಿಯನ್ ದ್ವೀಪದ ಒಬ್ಬ ಕಪ್ಪು ಮನೋವೈದ್ಯ, ಚಿಂತಕ. ಆಳುವವರಂತೆ ಮಾತಾಡಲು ಹೊರಟವನಿಗೆ ತನ್ನವರ ಮಾತು ಕೀಳೆನಿಸುತ್ತದೆ ಎಂದು ಬರೆದಿದ್ದವನು. ಅದನ್ನು ಓದಿ ಇಂದುಶೇಖರ ಅತ್ತುಬಿಟ್ಟಿದ್ದರು.

೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ಆ ಚಿಂತಕನ ಬಗ್ಗೆ ಝೂಮ್‌ನಲ್ಲಿ ಕನ್ನಡದವರಿಗೆ ಉಪನ್ಯಾಸ ಶುರುಮಾಡಿದರು. ಕೇಳುವವರು ವಿಡಿಯೋ ಆಫ್ ಮಾಡಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಕಿವಿಗೊಟ್ಟು ಕೇಳಿದವಳು ಗೌರಿ ಒಬ್ಬಳೇ. ವಿಜಯಪುರದ ಹುಡುಗಿ, ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದಳು.

ಮುಂದೊಂದು ವರ್ಷ ಸ್ಯಾನ್ ಡಿಯಾಗೋದ ರಾಜ್ಯೋತ್ಸವಕ್ಕೆ ಇಂದುಶೇಖರ ಆ ಚಿಂತಕನ ಮೇಲೊಂದು ಪ್ರಬಂಧ ಬರೆದರು. ಗಂಟಲಿನ ಆಪರೇಷನ್ ಆಗಿದ್ದರಿಂದ ವೇದಿಕೆಯಲ್ಲಿ ಓದುವಷ್ಟು ಸ್ವರ ಏಳುತ್ತಿರಲಿಲ್ಲ.

"ನಾ ಓದ್ತೀನ್ರಿ ಸರ್, ನೀವೇನ್ ಚಿಂತಿ ಮಾಡಬ್ಯಾಡ್ರಿ" ಎಂದಳು ಗೌರಿ.

ರಿಹರ್ಸಲ್‌ನಲ್ಲಿ ಅವಳ ವಿಜಯಪುರದ ರಾಗ ಅವರ ಕಿವಿಗೆ ಹಿಡಿಸಲಿಲ್ಲ. "ಸ್ವಲ್ಪ ಶುದ್ಧವಾಗಿ ಓದಮ್ಮ. ಜನ ನಗ್ತಾರೆ" ಎಂದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಅವಳ ಒಳ್ಳೆಯದಕ್ಕೇ ಹೇಳಿದೆ ಎಂದುಕೊಂಡಿದ್ದರು ಪಾಪ. ಗೌರಿ ವಾರಗಟ್ಟಲೆ ಅವರ ಉಪನ್ಯಾಸಗಳ ರೆಕಾರ್ಡಿಂಗ್ ಕೇಳಿ ಕೇಳಿ ನಾಲಿಗೆ ತಿದ್ದಿಕೊಂಡಳು.

ರಾಜ್ಯೋತ್ಸವದ ದಿನ ಎಲ್ಲೂ ತಡವರಿಸದೆ ಓದಿದಳು. ಚಪ್ಪಾಳೆಯೋ ಚಪ್ಪಾಳೆ. ಊಟದ ಸಾಲಿನಲ್ಲಿ ಒಬ್ಬ ಹಿರಿಯ ಹೆಂಗಸು ಅವಳ ಕೈಹಿಡಿದು, ಎಷ್ಟು ಚಂದದ ಕನ್ನಡ, ಮೈಸೂರಿನವಳೇನಮ್ಮ ಎಂದು ಕೇಳಿದರು. ಗೌರಿ ಒಮ್ಮೆ ಇಂದುಶೇಖರರ ಮುಖ ನೋಡಿದಳು.

"ಹೌದು ಆಂಟಿ" ಎಂದಳು.

ಇಂದುಶೇಖರ ಹೌದೌದು ಎಂಬಂತೆ ತಲೆಯಾಡಿಸಿದರು.

ತಲೆಯಾಡಿಸಿದ್ದು ಅರಿವಾದದ್ದು ಹಿಂದಿರುಗುವ ದಾರಿಯಲ್ಲಿ. ನಾಚಿಕೆಯಿಂದ ಮೈ ಹಿಡಿಯಾಯಿತು. ಆಸ್ಪತ್ರೆಯಲ್ಲಿ ತನ್ನ ಇಂಗ್ಲಿಷಿಗೆ ನಕ್ಕವರಾದರೂ ಆ ಚಿಂತಕನನ್ನು ಓದಿದವರಲ್ಲ. ಓದಿ, ಅತ್ತು, ಊರಿಗೆಲ್ಲ ಬೋಧಿಸಿದ ತಾನು ಮಾಡಿದ್ದೇನು?

ಮುಂದಿನ ವಾರ ಒಬ್ಬರೇ ಡ್ರೈವ್ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಹೋಗಿ, ಕ್ಯಾಂಪಸ್ಸಿನ ಕಾಫಿ ಅಂಗಡಿಯಲ್ಲಿ ಗೌರಿಯ ಎದುರು ಕೂತರು. "ನಂದು ತಪ್ಪಾಯ್ತಮ್ಮ. ನನ್ನ ಹತ್ರನಾದ್ರೂ ನಿಮ್ಮೂರಿನ ಮಾತೇ ಆಡು" ಎಂದರು.

ಗೌರಿಗೆ ಸಿಟ್ಟೇನೂ ಇರಲಿಲ್ಲ. "ಪರವಾಗಿಲ್ಲ ಸರ್, ಈಗ ಅಭ್ಯಾಸ ಆಗಿದೆ" ಎಂದು ನಕ್ಕಳು. ಆಮೇಲೆ ಕಾಫಿ ಕಪ್ಪಿನ ಕಡೆ ನೋಡುತ್ತಾ, "ಮೊನ್ನೆ ಊರಿಗೆ ಫೋನ್ ಮಾಡಿದಾಗ್ಲೂ ಹೀಗೇ ಮಾತಾಡ್ಬಿಟ್ಟೆ. ಅಮ್ಮ, 'ಯಾಕವಾ, ನನ್ನ ಮ್ಯಾಲೆ ಸಿಟ್ಟಾಗೀಯೇನ?' ಅಂತ ಕೇಳಿದ್ರು" ಎಂದಳು.