ದೀಪ ದೊಡ್ಡದು ಮಾಡಿದ ಮೇಲೆ

“ತಮ್ಮಾ, ಆ ದೀಪ ಜರಾ ದೊಡ್ಡದು ಮಾಡಪಾ,” ಎಂದರು ನಮ್ಮತ್ತೆ. ಏಜೆಂಟ್ ಖುಷಿಯಿಂದ ರಿಮೋಟ್ ಒತ್ತಿದ. ಚಾವಣಿಯ ಅಂಚಿಗೆ ಕೂರಿಸಿದ್ದ ಎಲ್‌ಇಡಿ ಪಟ್ಟಿಗಳು ಇನ್ನಷ್ಟು ಝಗಝಗಿಸಿದವು. ಪರದೆಯ ಹಿಂದಿನ ಬಿಸಿಲೂ ಒಮ್ಮೆಲೇ ಏರಿತು. ಬಿಸಿಲಿಗೂ ರಿಮೋಟ್ ಇರುತ್ತದೆಯೇ?

ಹೈದರಾಬಾದಿನ ಬಾಲಾನಗರದಲ್ಲಿ ನಾವು ಕೊಳ್ಳಲು ನೋಡುತ್ತಿದ್ದ ಫ್ಲ್ಯಾಟ್ ಅದು. ಆ ಕೋಣೆ ಅತ್ತೆಗೆಂದು. ಬೆಳಕಿನ ಗೆರೆಗಳಿಂದ ಚಾವಣಿ ಮೇಲೆದ್ದಂತೆ, ಗೋಡೆಗಳು ದೂರ ಸರಿದಂತೆ ಕಾಣುತ್ತಿತ್ತು. ಮಟಮಟ ಮಧ್ಯಾಹ್ನ ಇಷ್ಟೊಂದು ದೀಪ ಯಾಕೆಂದು ನನಗೆ ಬಾಗಿಲಲ್ಲೇ ಅನುಮಾನ ಬಂದಿತ್ತು. ಪರದೆ ಸರಿಸಲು ಹೋದರೆ, ಎಸಿ ಹಾಕಿದೆ, ಸೆಕೆಯಾಗುತ್ತದೆ ಎಂದು ಆತ ಅಡ್ಡ ಬಂದಿದ್ದ.

ಬೆಂಗಳೂರಿನಲ್ಲಿದ್ದು ಕನ್ನಡ ಕಲಿತ ಆತನಿಗೆ ನಮ್ಮ ಕಲಬುರಗಿ ಕಡೆಯ ಮಾತು ಗೊತ್ತಿರಲಿಲ್ಲ. ನಮ್ಮಲ್ಲಿ ದೀಪ ‘ಆರಿಸು’ ಎನ್ನುವುದು ಅಪಶಕುನ. ‘ದೊಡ್ಡದು ಮಾಡು’ ಎಂದರೇ ಆರಿಸು ಎಂದು. ಅತ್ತೆ ಮತ್ತೆ ಹೇಳಿದರು, ಆತ ಬೆಳಕನ್ನು ಮತ್ತೆ ಏರಿಸಿದ. ಕೊನೆಗೆ ಅವರೇ ಹೋಗಿ ಗೋಡೆಯ ಸ್ವಿಚ್ ಒತ್ತಿಬಿಟ್ಟರು.

ಹಾಡುಹಗಲೇ ಕಗ್ಗತ್ತಲೆ! ಮೊಬೈಲ್ ಟಾರ್ಚ್ ಹಿಡಿದು ಪರದೆ ಎಳೆದೆ. ಹಿಂದೆ ಕಿಟಕಿಯೇ ಇರಲಿಲ್ಲ. ಬರೀ ಗೋಡೆ, ಅದಕ್ಕೆ ಅಂಟಿಸಿದ ಇನ್ನೊಂದು ಎಲ್‌ಇಡಿ ಪಟ್ಟಿ. ಕತ್ತಲಲ್ಲೇ ಅತ್ತೆ ಕೇಳಿದರು: “ನನ್ನನ್ನ ಪೆಟ್ಟಿಗ್ಯಾಗ ಇಡಾಕ ಹೊಂಟಿದ್ಯೇನು ತಮ್ಮಾ?”

ಈಗ ಯಾರ ಹೊಸ ಮನೆಗೆ ಹೋದರೂ ‘ಎಷ್ಟು ದೊಡ್ಡದು!’ ಅನ್ನುವ ಮೊದಲು ನನ್ನ ಕಣ್ಣು ಸ್ವಿಚ್ ಹುಡುಕುತ್ತದೆ. ಅವತ್ತು ಅತ್ತೆ ದೀಪ ದೊಡ್ಡದು ಮಾಡಿದ್ದೇ ತಡ, ಕೋಣೆ ಸಣ್ಣದಾಗಿಬಿಟ್ಟಿತ್ತು.